ಝೆಂಬೆಯ ಹಟ್ಟಿಯ ಸಿಳ್ಳೆ

ನಮ್ಮೂರಿನಲ್ಲಿ ಹೊತ್ತು ಮುಳುಗುವಾಗ ನಡುದಾರಿಯಲ್ಲಿ ನಿಲ್ಲಬಾರದು. ಹೊಸಬರಿಗೆ ಇದನ್ನು ಒಂದು ಸಲ ಹೇಳುತ್ತೇವೆ. ಕೇಳದವರಿಗೆ ದನಗಳೇ ಹೇಳುತ್ತವೆ. ಯುದ್ಧದಲ್ಲಿ ಸತ್ತ ದನಗಳು ಆ ಹೊತ್ತಿಗೆ ಮನೆಗೆ ಬರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಧೂಳು ಏಳುತ್ತದೆ, ಗೊರಸಿನ ಸದ್ದಾಗುತ್ತದೆ, ಯಾವುದೋ ಹೋರಿ ಬೇಲಿಗೆ ಮೈ ಉಜ್ಜುತ್ತದೆ, ಬೇಲಿ ಬೀಳುತ್ತದೆ. ಬೆಳಿಗ್ಗೆ ನೋಡಿದರೆ ಹಟ್ಟಿಯ ತುಂಬ ಸಗಣಿ. ಸಗಣಿ ಮಾತ್ರ ಎಲ್ಲರಿಗೂ ಕಾಣುತ್ತದೆ. ಹಾಲು ಕರೆಯಲೆಂದು ಪಾತ್ರೆ ಹಿಡಿದು ಕೂತವರೆಲ್ಲ ಒದೆ ತಿಂದು ಎದ್ದುಬಂದರು. ಸತ್ತವರು ಬಿಟ್ಟುಹೋದ ಆಸ್ತಿಯೆಲ್ಲ ಸಾಮಾನ್ಯವಾಗಿ ಹೀಗೇ ಇರುತ್ತದೆ. ನಮ್ಮ ಹೆಂಗಸರು ಬೇಸರ ಮಾಡಿಕೊಳ್ಳದೆ ಆ ಸಗಣಿಯಲ್ಲಿ ನೆಲ ಸಾರಿಸಿದರು, ಉಳಿದದ್ದನ್ನು ಒಣಗಿಸಿ ಒಲೆಗೆ ಹಾಕಿದರು.

ನಾವು ಖೋಸಾ ಜನ. ಸತ್ತ ಹಿರಿಯರ ಜೊತೆ ಮಾತಾಡಬೇಕಾದರೆ ನಾವು ಹಟ್ಟಿಯೊಳಗೆ, ದನಗಳ ನಡುವೆ ನಿಂತು ಮಾತಾಡಬೇಕು. ಮದುವೆಯಾಗಬೇಕಾದರೆ ಹೆಣ್ಣಿನ ಮನೆಗೆ ದನ ಹೊಡೆದುಕೊಂಡು ಹೋಗಿ ತೆರ ಕೊಡಬೇಕು. ತೆರವಿಲ್ಲದೆ ಕೂಡಿಕೊಂಡವರ ಮಕ್ಕಳು ಯಾವ ಹಟ್ಟಿಯವರೆಂದು ಹಿರಿಯರಿಗೂ ಗುರುತು ಸಿಗುವುದಿಲ್ಲ. ಕಡಲಾಚೆಯಿಂದ ಬಂದ ಬಿಳಿಯರಿಗೆ ಇದನ್ನು ಯಾರೋ ಹೇಳಿಕೊಟ್ಟಿರಬೇಕು. ಯುದ್ಧಕ್ಕೆ ಬಂದಾಗಲೆಲ್ಲ ಅವರು ಮನುಷ್ಯರಿಗಿಂತ ಮೊದಲು ದನ ಹಿಡಿದರು. ಮೊದಲ ಯುದ್ಧ ಮುಗಿದಾಗ, ಈ ಹೊಳೆಯಾಚೆ ನಿಮ್ಮದು, ಈಚೆ ನಮ್ಮದು ಎಂದರು. ಮುಂದಿನ ಯುದ್ಧಕ್ಕೆ ಇನ್ನೊಂದು ಹೊಳೆ ಹುಡುಕಿದರು. ನಮ್ಮ ನಾಡಿನಲ್ಲಿ ಹೊಳೆಗಳಿಗೇನು ಬರವಿರಲಿಲ್ಲ, ಹಾಗಾಗಿ ಯುದ್ಧಗಳಿಗೂ ಬರವಿರಲಿಲ್ಲ. ಕಡೆಯ ಯುದ್ಧದಲ್ಲಿ ಹಗೇವುಗಳ ಕಾಳಿಗೆ ಬೆಂಕಿ ಇಟ್ಟರು, ಹಿಡಿದ ದನಗಳನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು.

ಗುಂಡಿಕ್ಕಲು ಕಾರಣ ಸಿಳ್ಳೆ. ನಮ್ಮಲ್ಲಿ ಒಂದೊಂದು ಮನೆಯ ದನಕ್ಕೂ ಒಂದೊಂದು ಸಿಳ್ಳೆ. ಸಿಪಾಯಿಗಳು ಹಿಂಡು ಹಿಂಡು ದನ ಹೊಡೆದುಕೊಂಡು, ಗೆದ್ದೆವೆಂದು ಹಾಡುತ್ತ ಹೋಗುತ್ತಿದ್ದರೆ, ಪೊದೆಯೊಳಗಿನಿಂದ ಯಾರೋ ಒಂದು ಸಿಳ್ಳೆ ಹಾಕುತ್ತಿದ್ದರು. ದನಗಳು ಗಕ್ಕನೆ ತಿರುಗಿ, ಸಿಪಾಯಿಗಳನ್ನು ತುಳಿದುಕೊಂಡು ಮನೆಗೆ ಓಡಿಬರುತ್ತಿದ್ದವು. ಇದರಿಂದ ರೋಸಿಹೋಗಿದ್ದ ಸರ್ಕಾರ, ಯುದ್ಧ ಮುಗಿದು ನಮ್ಮೂರಿಗೆ ಒಬ್ಬ ಸಾಹೇಬನನ್ನು ಕಳಿಸಿದಾಗ, ಅವನ ಕೈಯಲ್ಲಿ ಹೊರಡಿಸಿದ ಮೊದಲ ಹುಕುಂ ಇದು: ಊರೊಳಗೆ ಯಾರೂ ಸಿಳ್ಳೆ ಹಾಕಕೂಡದು, ಹಾಕಿದವರ ಬೆನ್ನಿಗೆ ಛಡಿಯೇಟು. ಹಕ್ಕಿಗಳಿಗೆ ಹುಕುಂ ಓದಿ ಹೇಳುವವರು ಇರಲಿಲ್ಲವಾಗಿ ಅವು ಬಚಾವಾದವು. ನಮ್ಮ ಮಕ್ಕಳು ತುಟಿ ಸುತ್ತಿ ಊದುವುದನ್ನೇ ಕಲಿಯದೆ ದೊಡ್ಡವರಾದರು.

ಸಾಹೇಬನ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ಅವನು ನಮ್ಮ ಭಾಷೆಯಲ್ಲಿ ಕಲಿತ ಮೊದಲ ಮಾತು ‘ಬಾಗಿಲು ಹಾಕು’. ಕಡೆಯದೂ ಅದೇ. ಹಾಗಾಗಿ ಊರಿಗೆಲ್ಲ ಅವನು ಬಾಗಿಲುಹಾಕು ಸಾಹೇಬ. ಕಚೇರಿ ಕಟ್ಟಿಸಲು ಗಟ್ಟಿ ನೆಲ ಹುಡುಕುತ್ತ ಅವನು ನನ್ನ ಅಣ್ಣ ಝೆಂಬೆಯ ಹಟ್ಟಿಗೆ ಬಂದ. ಅಣ್ಣನೆಂದರೆ ದೊಡ್ಡಪ್ಪನ ಮಗ. ಕಡೆಯ ಯುದ್ಧದಲ್ಲಿ ತನ್ನ ದನಗಳ ಜೊತೆಯಲ್ಲೇ ಗುಂಡು ತಿಂದವನು. ತಲೆಮಾರುಗಳಿಂದ ದನ ತುಳಿದ ಆ ನೆಲ ಕಲ್ಲಾಗಿತ್ತು. ಅಲ್ಲಿ ತಗಡು ಹೊದಿಸಿದ ಕಚೇರಿ ಎದ್ದಿತು. ಅದಕ್ಕೆ ಅಂಟಿಕೊಂಡು ಬೀಡಾಡಿ ದನ ಕೂಡಿಹಾಕುವ ಸರ್ಕಾರಿ ದೊಡ್ಡಿ, ಅದರಾಚೆ ಸಾಹೇಬನ ಕೋಸಿನ ತೋಟ. ಝೆಂಬೆಯ ದನಗಳಿಗೆ ಸರ್ಕಾರ ಬದಲಾದದ್ದು ತಿಳಿದಿರಲಿಲ್ಲ. ದಿನಾ ಸಂಜೆ ಅಲ್ಲಿಗೇ ಬಂದವು, ಮುಂಜಾನೆ ಎದ್ದು ಹೋದವು. ಸಾಹೇಬನ ಮೇಜಿನಡಿಯಲ್ಲಿ ಬೆಳಗಾದರೆ ಸಗಣಿ. ಊರ ಪೋಕರಿಗಳ ಕೆಲಸವೆಂದು ಅವನು ಕೈಗೆ ಸಿಕ್ಕಿದವರಿಗೆಲ್ಲ ಛಡಿಯೇಟು ಕೊಡಿಸಿದ. ಆಮೇಲೆ ಸುಮ್ಮನಾಗಿ, ಕತ್ತಲಾಗುವ ಮುಂಚೆ ಕಚೇರಿ ಬಿಟ್ಟು ಮನೆ ಸೇರುವ ಪದ್ಧತಿ ಇಟ್ಟುಕೊಂಡ.

ಝೆಂಬೆಯ ಹೆಂಡತಿಯನ್ನು ಎಲ್ಲರೂ ಮಾಕ್ವಾಯಿ ಎನ್ನುತ್ತಿದ್ದರು. ಕ್ವಾಯಿ ಕುಲದ ಮಗಳು ಎಂದು ಅರ್ಥ; ಮದುವೆಯಾಗಿ ಬಂದವಳನ್ನು ತವರಿನ ಕುಲದಿಂದ ಕರೆಯುವುದು ನಮ್ಮಲ್ಲಿ ಮರ್ಯಾದೆ. ನನಗೆ ಅವಳು ಅತ್ತಿಗೆ. ನಮ್ಮ ಸೊಸೆಯಂದಿರಿಗೆ ಒಂದು ಕಟ್ಟುಪಾಡಿದೆ: ಗಂಡನ ಮನೆಯ ಹಟ್ಟಿಗೆ ಕಾಲಿಡುವಂತಿಲ್ಲ, ಅದರ ಮುಂದಿನ ಅಂಗಳ ದಾಟುವಂತಿಲ್ಲ. ಅದು ಗಂಡನ ಹಿರಿಯರ ಜಾಗ. ನೀರಿಗೆ ಹೋಗುವಾಗಲೂ ಗುಡಿಸಲ ಹಿಂದಿನಿಂದ ಸುತ್ತಿಕೊಂಡು ಹೋಗಬೇಕು. ಅತ್ತಿಗೆ ಸೊಸೆಯಾಗಿ ಬಂದಂದಿನಿಂದ ಸುತ್ತಿ ಸುತ್ತಿ ಅಲ್ಲಿ ಒಂದು ಕಾಲುದಾರಿಯೇ ಬಿದ್ದಿತ್ತು. ಹಟ್ಟಿ ಹೋಗಿ ಕಚೇರಿ ಬಂದ ಮೇಲೂ ಅವಳು ಸುತ್ತುವುದನ್ನು ಬಿಡಲಿಲ್ಲ. ಕಚೇರಿಯ ಮುಂದೆ ಹಾಯದೆ, ತಲೆತಗ್ಗಿಸಿ ಹಿಂದಿನಿಂದ ಹೋಗುವ ಈ ಹೆಂಗಸನ್ನು ಕಂಡರೆ ಸಾಹೇಬನಿಗೆ ಬಹಳ ಮೆಚ್ಚಿಕೆ. ತನ್ನ ಮೇಲಿನ ಭಯಭಕ್ತಿಯೆಂದು ತಿಳಿದಿದ್ದ. ಒಮ್ಮೆ ಒಳಗೆ ಬಾ ಎಂದು ಕರೆಸಿದಾಗ ಅವಳು ಹಿತ್ತಲ ಕಿಟಕಿಯ ಹೊರಗೆ ನಿಂತೇ ಉತ್ತರ ಕೊಟ್ಟಳು. ಆಗಂತೂ ಅವನು ಇಂಥ ವಿನಯವನ್ನು ತನ್ನ ಹೆಂಡತಿಯಲ್ಲೂ ಕಂಡಿಲ್ಲವೆಂದು ದುಭಾಷಿಯ ಮುಂದೆ ಕೊಂಡಾಡಿದನಂತೆ.

ಅತ್ತಿಗೆಗೆ ಉಳಿದಿದ್ದವನು ಒಬ್ಬನೇ ಮಗ, ವೆಲೀಲೆ. ಅಪ್ಪ ಸಾಯುವಾಗ ಅವಳ ಬೆನ್ನಿನ ಕಂಬಳಿಯಲ್ಲಿದ್ದ ಕೂಸು, ಈಗ ಮೀಸೆ ಬಂದ ಗಂಡಸು. ಅವನು ಹಳ್ಳದಾಚೆಯ ಸಿಗಿಡಿಯ ಮಗಳು ಝೋದ್ವಾಳನ್ನು ಮೆಚ್ಚಿದ್ದ. ಅವಳೂ ಅವನನ್ನು ಮೆಚ್ಚಿದ್ದಳು. ಇವರಿಬ್ಬರೂ ನೀರಿಗೆ ಹೋದರೆ ಬಿಂದಿಗೆ ತುಂಬಲು ಅರ್ಧ ದಿನ ಬೇಕಾಗುತ್ತಿತ್ತು. ಸಿಗಿಡಿ ಮಾತ್ರ ಹಳೆಯ ಕಾಲದ ಮನುಷ್ಯ, ತೆರ ಬರದೆ ಮಗಳನ್ನು ಹೊಸ್ತಿಲು ದಾಟಿಸುವುದಿಲ್ಲ ಎಂದುಬಿಟ್ಟ. ಕಾಣುವ ದನವೆಲ್ಲ ಆ ಹೊತ್ತಿಗೆ ಬಿಳಿಯ ರೈತರ ಕೈಯಲ್ಲಿತ್ತು. ದನ ಕೊಳ್ಳಬೇಕಾದರೆ ದೂರದ ವಜ್ರದ ಗಣಿಗೆ ಕೂಲಿಗೆ ಹೋಗಬೇಕು. ಹೋದವರಲ್ಲಿ ತಿರುಗಿ ಬಂದವರು ಕಡಿಮೆ, ಬಂದವರು ಕೆಮ್ಮುತ್ತ ಬಂದರು. ವೆಲೀಲೆ ಆಗಲೇ ಗಣಿಯ ಗಾಡಿ ಯಾವಾಗ ಬರುತ್ತದೆಂದು ವಿಚಾರಿಸತೊಡಗಿದ್ದ. ಅತ್ತಿಗೆಗೆ ಅನ್ನ ಸೇರದಾಯಿತು.

ನನ್ನ ಹೆಸರು ಡುಮೀಲೆ. ಊರಿನ ಮದುವೆಗಳಲ್ಲಿ ಗಂಡಿನ ಕಡೆಯಿಂದ ಮಾತಾಡಲು ಹೋಗುವವನು ನಾನೇ. ಈ ಬಾಯಿಯೊಂದನ್ನು ಬಿಟ್ಟರೆ ನನಗೆ ಬೇರೆ ಆಸ್ತಿಯಿಲ್ಲ. ಒಂದು ಮಧ್ಯಾಹ್ನ ಅತ್ತಿಗೆ ಕರೆಸಿದಳು.

“ಮೈದುನಾ, ನಿನ್ನ ಬಾಯಿ ಎಷ್ಟು ದೊಡ್ಡದು?”

“ಯಾಕತ್ತಿಗೆ?”

“ಒಂದು ಹಿಂಡು ದನ ಹಿಡಿಸುತ್ತಾ ಅಂತ. ದಿನಾ ಸಂಜೆ ನಿಮ್ಮಣ್ಣನ ದನ ಬರ್ತಾವಲ್ಲ, ಅವು ನಮ್ಮವಲ್ವಾ? ಅವನ್ನೇ ತೆರ ಕೊಡೋಣ.”

“ಸಿಗಿಡಿ ನಗ್ತಾನೆ ಅತ್ತಿಗೆ.”

“ಹೆಂಗೆ ನಗ್ತಾನೆ? ಅವನ ದನಾನೂ ಅದೇ ಹೊತ್ನಲ್ಲಿ ಅದೇ ತರ ಬರ್ತಾವೆ. ನಮ್ಮವು ದನ ಅಲ್ಲ ಅಂದ್ರೆ ಅವನವೂ ಅಲ್ಲ. ಆಮೇಲೆ ಊರಲ್ಲಿ ದೊಡ್ಡ ದನವಂತ ಅಂತ ಎದೆ ಸೆಟೆಸಿಕೊಂಡು ಓಡಾಡೋದು ಹೆಂಗೆ?”

ನಾನು ಎಷ್ಟೋ ಮದುವೆ ಮಾಡಿಸಿದವನು. ಆದರೂ ಇಂಥ ಯುಕ್ತಿ ನನ್ನ ತಲೆಗೆ ಹೊಳೆದಿರಲಿಲ್ಲ. ಅವತ್ತೇ ಕಂಬಳಿ ಹೊದ್ದು ಹೊರಟೆ.

ಪದ್ಧತಿಯಂತೆ ಸಿಗಿಡಿಯ ಹಟ್ಟಿಯ ಮುಂದೆ ಸುಮ್ಮನೆ ಕೂತೆ. ಪದ್ಧತಿಯಂತೆ ಅವನು ನನ್ನನ್ನು ಕಂಡೂ ಕಾಣದವನಂತೆ ನಾಯಿಗೆ ಬಯ್ದ, ಬೇಲಿ ಸರಿ ಮಾಡಿದ, ಬಿಸಿಲು ತಿರುಗಿದ ಮೇಲೆ ಬಂದು, ಯಾರು ನೀನು, ಏನು ಕಳಕೊಂಡಿದ್ದೀಯ ಎಂದು ಕೇಳಿದ. ಅವನ ಮನೆಯಲ್ಲೇ ಎಷ್ಟೋ ಸಲ ಊಟ ಮಾಡಿದ್ದೆ, ಆದರೂ ನಾನೂ ಪರಿಚಯ ಹೇಳಿಕೊಂಡೆ. ದನಗಳ ವರ್ಣನೆಗೆ ಇಳಿದೆ. ಮುಂದಾಳು ಎತ್ತು ಹಂಡ, ಬಿಳಿ ಮೈಮೇಲೆ ಕರಿ ಮಚ್ಚೆ, ಕೊಂಬು ಆಕಾಶಕ್ಕೆ. ಕೆಂದಿ ಹಸು, ಈದಾಗಲೆಲ್ಲ ಹೆಣ್ಣುಗರು. ಕೌಲೆ, ಕರಿಯ, ಮಚ್ಚೆ. ಸಿಗಿಡಿ ಗಡ್ಡ ಕೆರೆದುಕೊಂಡ. ಇಲ್ಲ ಎನ್ನುವಂತಿಲ್ಲ, ಹೂಂ ಎನ್ನಲು ಮನಸ್ಸಿಲ್ಲ. ಕಡೆಗೆ, ನೋಡದೆ ಒಪ್ಪುವವನಲ್ಲ ನಾನು, ಸಂಜೆ ಬಂದು ನೋಡುತ್ತೇನೆ ಎಂದ.

ಸಂಜೆ ಬಂದ. ಸಾಹೇಬ ಆಗಲೇ ಮನೆ ಸೇರಿದ್ದ. ದೊಡ್ಡಿಯ ಬೇಲಿಯ ಹತ್ತಿರ ನಾವಿಬ್ಬರೂ ನಿಂತೆವು. ಧೂಳು ಬಂತು, ಗೊರಸು ಬಂತು. ಸಿಗಿಡಿ ಕೈಕಟ್ಟಿ, ಕಣ್ಣು ಕಿರಿದು ಮಾಡಿ, ಖಾಲಿ ದೊಡ್ಡಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದ.

“ಕೆಂದಿ ಕುಂಟುತ್ತೆ,” ಎಂದ.

“ಕುಂಟೋದಿಲ್ಲ ಬೀಗರೇ. ಅದರ ನಡಿಗೇನೇ ಹಂಗೆ, ಒಯ್ಯಾರ.”

“ಕರಿಯ ಬಡಕಲು.”

“ಸತ್ತು ಇಷ್ಟು ವರ್ಷ ಆಯ್ತು. ನೀವಾಗಿದ್ರೆ ಇನ್ನೂ ಬಡಕಲಾಗಿರ್ತಿದ್ರಿ.”

“ಹಂಡನಿಗೆ ಹಲ್ಲಿಲ್ಲ.”

“ಬಾಯಿಗೆ ಕೈ ಹಾಕಿ ನೋಡಿ.”

ಅವನು ಜಂಬದಿಂದ ಗಾಳಿಗೆ ಕೈ ಚಾಚಿದ. ಒಂದು ಕ್ಷಣಕ್ಕೆ ಕೈಯನ್ನು ಸರಕ್ಕನೆ ಎಳೆದುಕೊಂಡು, ಯಾರೂ ನೋಡಲಿಲ್ಲವೆಂಬಂತೆ ಕಂಬಳಿಗೆ ಒರೆಸಿಕೊಂಡ. ಮೊಣಕೈವರೆಗೂ ಜೊಲ್ಲಾಗಿತ್ತು. ಆಮೇಲೆ ಅವನ ದನಿ ಸ್ವಲ್ಪ ಮೆತ್ತಗಾಯಿತು.

“ಒಪ್ಪಿದೆ. ಆದರೆ ಬಾಯಿಮಾತಲ್ಲಿ ತೆರ ಬೇಡ. ದನ ನಡಕೊಂಡು ನನ್ನ ಹಟ್ಟಿಗೆ ಬರಬೇಕು. ಬಂದ ದಿನ ಹುಡುಗಿ ನಿಮ್ಮನೆಗೆ. ಅವು ವಾಪಸು ಹೋದ್ರೆ ಅವಳೂ ವಾಪಸು.”

ನಾನು ಆಗಲಿ ಎಂದೆ. ಒಪ್ಪಿಗೆ ಮೊದಲು, ಉಪಾಯ ಆಮೇಲೆ; ನಮ್ಮ ಕಸುಬಿನ ಮೊದಲ ಪಾಠ ಅದು.

ಉಪಾಯಕ್ಕೆ ಸಮಯ ಸಿಗಲಿಲ್ಲ. ಸಿಗಿಡಿ ಸಂತೋಷ ತಡೆಯಲಾರದೆ, ಮಾರನೆಯ ದಿನ ಜೋಳದ ಬೀರಿನ ಮಡಕೆಯ ಸುತ್ತ ಕೂತವರ ಮುಂದೆಲ್ಲ, ಝೆಂಬೆಯ ಹಿಂಡು ಪೂರಾ ನನ್ನ ಹಟ್ಟಿಗೆ ಬರುತ್ತಿದೆ ಎಂದು ಜಂಬ ಕೊಚ್ಚಿಕೊಂಡ. ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲೆಲ್ಲೂ ಇರುತ್ತಾರೆ. ನಮ್ಮೂರಿನಲ್ಲಿ ಅವರು ಕಚೇರಿಯಲ್ಲಿದ್ದರು. ದುಭಾಷಿಯ ಕಿವಿಗೆ ಬಿದ್ದದ್ದು ಸಾಹೇಬನ ಕಿವಿಗೆ ಹೋಯಿತು. ಝೆಂಬೆ ಸರ್ಕಾರದ ವಿರುದ್ಧ ದಂಗೆಯೆದ್ದವನು, ಅವನ ದನವೆಲ್ಲ ಯುದ್ಧದಲ್ಲೇ ಸರ್ಕಾರಕ್ಕೆ ಸೇರಿದ್ದು. ಅತ್ತಿಗೆಗೆ ಕರೆ ಬಂತು. ಅವಳು ಹಿತ್ತಲ ಕಿಟಕಿಗೆ ಬಂದು ನಿಂತಳು.

“ಝೆಂಬೆಯ ದನ ಎಲ್ಲಿ ಬಚ್ಚಿಟ್ಟಿದ್ದೀಯ ಅಂತ ಸಾಹೇಬರು ಕೇಳ್ತಿದ್ದಾರೆ,” ಎಂದ ದುಭಾಷಿ.

“ಬಚ್ಚಿಡೋದೇನು ಬಂತಪ್ಪ? ದಿನಾ ರಾತ್ರಿ ಅವರ ಮೇಜಿನ ಕೆಳಗೇ ಮಲಗ್ತಾವೆ ಅಂತ ಹೇಳು.”

ಸಾಹೇಬ ಮೇಜಿನ ಕೆಳಗೆ ನೋಡಿದ. ಬೆಳಗಾದರೆ ಗುಡಿಸುವ ಸಗಣಿಗೆ ಇಷ್ಟು ವರ್ಷದ ಮೇಲೆ ಒಂದು ಅರ್ಥ ಸಿಕ್ಕಿತ್ತು. ಬೇರೆ ಯಾರಾದರೂ ಆಗಿದ್ದರೆ ಹೆದರಿ ಊರು ಬಿಡುತ್ತಿದ್ದರು. ಅವನು ಸರ್ಕಾರದ ಮನುಷ್ಯ, ಆಸ್ತಿ ಸಿಕ್ಕಿತೆಂದು ಹಿಗ್ಗಿದ. ಅಂದು ಸಂಜೆ ಕಚೇರಿಗೆ ಬೀಗ ಹಾಕಿಸಿ, ದೊಡ್ಡಿಯ ಬಾಗಿಲು ತೆಗೆಸಿ, ತಾನೇ ಪಕ್ಕದಲ್ಲಿ ನಿಂತ. ಧೂಳು ಪೂರ್ತಿ ಒಳಗೆ ಹೋಗುವವರೆಗೆ ಕಾದು, ತನಗೆ ಬರುತ್ತಿದ್ದ ಆ ಒಂದು ಮಾತನ್ನು ಹೇಳಿದ. ಪೋಲೀಸಿನವನು ಬಾಗಿಲು ಹಾಕಿ ಸರಪಳಿ ಬಿಗಿದ.

ಸುದ್ದಿ ಕೇಳಿ ಸಿಗಿಡಿ, ದೊಡ್ಡಿಯಲ್ಲಿರುವ ದನ ನನಗೆ ಬೇಡ ಎಂದು ಹೇಳಿಕಳಿಸಿದ. ವೆಲೀಲೆ ತನ್ನ ಬಟ್ಟೆಯನ್ನು ಕಂಬಳಿಯಲ್ಲಿ ಗಂಟು ಕಟ್ಟಿ ಮೂಲೆಯಲ್ಲಿಟ್ಟ.

“ಗಣಿಯ ಗಾಡಿ ನಾಳೇನೋ ನಾಡಿದ್ದೋ ಬರುತ್ತಂತಮ್ಮ.”

“ಬರಲಿ. ಬಂದದ್ದೆಲ್ಲ ಹತ್ತಬೇಕು ಅಂತ ಏನಿದೆ?”

“ಮತ್ತೇನ್ಮಾಡ್ಲಿ? ಸಾಹೇಬನ ಕೋಸಿಗೆ ನೀರು ಹಾಕ್ತಾ ಮುದುಕ ಆಗ್ಲಾ?”

ಮಗ ಮಲಗಿದ ಮೇಲೆ ಅತ್ತಿಗೆ ಆ ಗಂಟಿನ ಮೇಲೆ ತಲೆಯಿಟ್ಟು ಮಲಗಿದಳೆಂದು ಆಮೇಲೆ ನನಗೆ ಹೇಳಿದಳು. ಗಂಟಿಲ್ಲದೆ ಹೋಗಲಾರನೆಂದು ಅವಳ ಲೆಕ್ಕ.

ಕೂಡಿಹಾಕಿದ ದನ ಮಾರನೆಯ ದಿನದಿಂದ ತಮ್ಮ ಆಟ ತೋರಿಸಿದವು. ಹಗಲೆಲ್ಲ ಅಂಬಾ ಎಂದು ಕೂಗಿ ಸಾಹೇಬನಿಗೆ ಒಂದು ಮಾತೂ ಕೇಳಿಸದಂತೆ ಮಾಡಿದವು. ಬೇಲಿಯ ಮೇಲಿನಿಂದ ಕತ್ತು ಚಾಚಿ ಕೋಸು ತಿಂದವು. ಗುಂಡಗಿನ ಕೋಸೊಂದು ಗಾಳಿಯಲ್ಲಿ ಎದ್ದು ಚೂರುಚೂರಾಗಿ ಮಾಯವಾಗುವುದನ್ನು ನೋಡಲು ಊರೇ ಸೇರಿತ್ತು. ಸಗಣಿ ಮೊಣಕಾಲುದ್ದವಾಯಿತು. ಸಾಹೇಬ ಸರ್ಕಾರಿ ಪದ್ಧತಿಯಂತೆ ಹರಾಜು ಕೂಗಿಸಿದ. ಒಬ್ಬ ಬಿಳಿಯ ರೈತ, ಅಗ್ಗದಲ್ಲಿ ಬರುತ್ತದಲ್ಲ ಎಂದು ಹಿಂಡನ್ನು ಕೊಂಡ. ಚಾವಟಿ ಹಿಡಿದು ಒಳಗೆ ಹೋದ. ಚಾವಟಿಯ ಸದ್ದು ಒಂದು ಸಲ ಕೇಳಿಸಿತು. ಆಮೇಲೆ ಅವನು ಬೇಲಿಯ ಮೇಲಿನಿಂದ ಹೊರಗೆ ಬಂದ, ಪ್ಯಾಂಟಿನ ಹಿಂಭಾಗದಲ್ಲಿ ಗೊರಸಿನ ಗುರುತು ಸ್ಪಷ್ಟವಾಗಿತ್ತು. ಹಣ ವಾಪಸು ಕೊಡು ಎಂದು ಅವನು ಸಾಹೇಬನ ಕೊರಳಪಟ್ಟಿ ಹಿಡಿದಾಗ ನಮ್ಮವರು ಮರ್ಯಾದೆಗೆ ಆಕಡೆ ತಿರುಗಿ ನಕ್ಕರು.

ಸಾಹೇಬ ದೊಡ್ಡಿಯ ಬಾಗಿಲು ತೆಗೆಸಿದ. ದನ ಹೊರಗೆ ಬರಲಿಲ್ಲ. ಚಾವಟಿಯ ಪೆಟ್ಟಿಗೆ ಮುನಿದಿದ್ದವು, ಅಲ್ಲದೆ ಅದು ಅವುಗಳದೇ ಹಟ್ಟಿ. ನುಂಗಲೂ ಆಗದ ಉಗುಳಲೂ ಆಗದ ಸಾಹೇಬ, ಕಡೆಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತು, ಇವತ್ತು ಹೊತ್ತು ಮುಳುಗುವುದರೊಳಗೆ ಯಾರು ಈ ದನ ಹೊಡೆದುಕೊಂಡು ಹೋಗುತ್ತಾರೋ ದನ ಅವರದು ಎಂದು ಸಾರಿದ. ದುಭಾಷಿ ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದ.

ನಾನು ಮುಂದೆ ಹೋಗಿ ಕೈಮುಗಿದೆ. “ಸ್ವಾಮಿ, ನಮ್ಮ ದನ ಸಿಳ್ಳೆಗೆ ಬಿಟ್ರೆ ಬೇರೆ ಯಾವುದಕ್ಕೂ ಏಳೋದಿಲ್ಲ. ಸಿಳ್ಳೆಗೆ ನಿಮ್ಮ ಹುಕುಂ ಅಡ್ಡ ಇದೆ.”

ಸಾಹೇಬ ಒಮ್ಮೆ ನನ್ನನ್ನು, ಒಮ್ಮೆ ಸಗಣಿಯನ್ನು ನೋಡಿದ. ಸಂಜೆಯವರೆಗೆ ಸಿಳ್ಳೆಗೆ ಅಪ್ಪಣೆಯಾಯಿತು.

ಅವತ್ತಿನ ಗಲಾಟೆಯನ್ನು ನೋಡಬೇಕಿತ್ತು. ಯುದ್ಧದ ಮೇಲೆ ಬಾಯಿ ಮುಚ್ಚಿಕೊಂಡಿದ್ದ ಮುದುಕರೆಲ್ಲ ಬೀದಿಗೆ ಬಂದರು. ತನ್ನ ತನ್ನ ಮನೆಯ ಸಿಳ್ಳೆಯನ್ನು ಒಬ್ಬೊಬ್ಬನೂ ಪರೀಕ್ಷೆ ಮಾಡಿದ. ಗುಡ್ಡದಲ್ಲಿ ಮೇಯುತ್ತಿದ್ದ ಊರಿನ ಸತ್ತ ದನವೆಲ್ಲ ಮಟಮಟ ಮಧ್ಯಾಹ್ನದಲ್ಲಿ ಓಡಿಬಂದು ಬೀದಿಯಲ್ಲಿ ಸಿಕ್ಕಿಕೊಂಡವು. ಅಂಗಡಿಯ ಮುಂದಿನ ಚೀಲಗಳು ಉರುಳಿದವು, ಪೋಲೀಸಿನವನು ಮರ ಹತ್ತಿದ. ಝೆಂಬೆಯ ದನ ಮಾತ್ರ ಅಲ್ಲಾಡಲಿಲ್ಲ. ಆ ಸಿಳ್ಳೆ ಬಲ್ಲ ಗಂಡಸರು ಝೆಂಬೆಯ ಜೊತೆಗೇ ಹೋಗಿದ್ದರು. ನಾನು ಬೇರೆ ಮನೆಯವನು, ನನ್ನ ಸಿಳ್ಳೆ ಬೇರೆ. ವೆಲೀಲೆ ದೊಡ್ಡಿಯ ಬಾಗಿಲಲ್ಲಿ ನಿಂತು ತುಟಿ ಸುತ್ತಿ ಊದಿದ, ಬರೀ ಗಾಳಿ ಬಂತು. ಅಪ್ಪನ ಸಿಳ್ಳೆಯನ್ನು ಅವನು ಕೇಳಿದ್ದೇ ನೆನಪಿರಲಿಲ್ಲ. ಹೊತ್ತು ಇಳಿಯುತ್ತಿತ್ತು. ಗಣಿಯ ಗಾಡಿ ಆಗಲೇ ಬಂದು ಅಂಗಡಿಯ ಹಿಂದೆ ಎತ್ತು ಬಿಚ್ಚಿತ್ತು.

ನಾನು ಕಚೇರಿಯ ಹಿಂದಕ್ಕೆ ಹೋದೆ. ಅತ್ತಿಗೆ ತನ್ನ ಕಾಲುದಾರಿಯಲ್ಲಿ ನಿಂತಿದ್ದಳು. ಆ ಮುಖ ಕಂಡು ನನಗೆ ತಿಳಿಯಿತು.

“ನಿನಗೆ ಗೊತ್ತು, ಅಲ್ವಾ ಅತ್ತಿಗೆ?”

“ನಿಮ್ಮಣ್ಣ ದನ ಕರೆಯೋವಾಗ ದಿನಾ ಸಂಜೆ ಇಲ್ಲೇ ನಿಂತು ಕೇಳ್ತಿದ್ದೆ ಕಣೋ. ಗೊತ್ತಿಲ್ದೆ ಇರೋಕೆ ನಾನೇನು ಕಿವುಡಿಯಾ?”

“ಮತ್ತೆ?”

“ನಾನು ಸೊಸೆ. ಗಂಡನ ಹಿರಿಯರ ಹಟ್ಟಿ ಅದು.”

“ಹಟ್ಟಿಗೆ ಕಾಲಿಡಬೇಡ ಅಂದಿದ್ದಾರೆ. ತುಟಿಗೆ ಕಟ್ಟುಪಾಡು ಹಾಕೋದು ಅವರಿಗೂ ಮರೆತುಹೋಗಿದೆ. ನೀನು ಇಲ್ಲೇ ನಿಂತು ಊದು.”

ಅವಳಿಗೆ ನಗು ಬಂತು. ಆದರೆ ಊದಲಿಲ್ಲ. ದೊಡ್ಡಿಯ ಕಡೆ ನೋಡುತ್ತ, “ಕರೆದ್ರೆ ಬರ್ತಾವೆ ಮೈದುನಾ. ಬಂದ ಮೇಲೆ ಹೋಗಿಬಿಡ್ತಾವಲ್ಲ,” ಎಂದಳು. ನನಗೆ ಆಗ ಅವಸರ, ಆ ಮಾತಿನ ಕಡೆ ಗಮನ ಕೊಡಲಿಲ್ಲ. ಅಂಗಡಿಯ ಕಡೆಯಿಂದ ಗಾಡಿಯವನು ಹೆಸರು ಹಿಡಿದು ಕೂಗುವುದು ಕೇಳಿಸಿತು. ಅತ್ತಿಗೆ ಕಂಬಳಿಯ ತುದಿಯಿಂದ ತುಟಿ ಒರೆಸಿಕೊಂಡಳು.

ಮೊದಲ ಸಲ ಒಣ ಉಸಿರು ಬಂತು. ಎರಡನೆಯ ಸಲ, ನಾನು ಮರೆತೇಬಿಟ್ಟಿದ್ದ ಆ ಸಿಳ್ಳೆ ಬಂತು: ಮೊದಲು ಉದ್ದಕ್ಕೆ, ಆಮೇಲೆ ಎರಡು ಚಿಕ್ಕದು, ಕಡೆಗೆ ಮೇಲಕ್ಕೆ ಎಳೆದದ್ದು. ಅಣ್ಣನೇ ಪಕ್ಕದಲ್ಲಿ ನಿಂತಂತಾಯಿತು. ದೊಡ್ಡಿಯಲ್ಲಿ ಕೂಗಾಟ ನಿಂತಿತು. ಮರುಕ್ಷಣ ಹಿಂಡು ಎದ್ದಿತು. ಸುತ್ತಿಕೊಂಡು ಬರುವ ತಾಳ್ಮೆ ಅವಕ್ಕಿರಲಿಲ್ಲ. ಕಚೇರಿಯ ಮುಂಬಾಗಿಲಿನಿಂದ ನುಗ್ಗಿ ಹಿಂಬಾಗಿಲಿನಿಂದ ಬಂದವು. ಸಾಹೇಬನ ಮೇಜು ಅಂಗಳದಲ್ಲಿ ಕಾಲು ಮೇಲೆ ಮಾಡಿಕೊಂಡು ಬಿತ್ತು, ಕುರ್ಚಿ ಎಲ್ಲಿ ಹೋಯಿತೋ ಇವತ್ತಿಗೂ ತಿಳಿಯದು. ಸಾಹೇಬ ಗೋಡೆಗೆ ಅಂಟಿಕೊಂಡು ಬದುಕಿದ. ಅವನ ಬಾಯಿಂದ ‘ಬಾಗಿಲು’ ಎನ್ನುವಷ್ಟು ಬಂತು, ಹಾಕಲು ಬಾಗಿಲು ಉಳಿದಿರಲಿಲ್ಲ.

ಅತ್ತಿಗೆಯ ಮುಂದೆ ಬಂದು ಅವು ನಿಂತವು. ಧೂಳು ಇಳಿಯಿತು. ಗಂಡನ ದನವನ್ನು ಅವಳು ಒಂದು ದಿನವೂ ಮುಟ್ಟಿದವಳಲ್ಲ, ಯಾವಾಗಲೂ ಬೇಲಿಯಾಚೆಯಿಂದ ಸದ್ದು ಕೇಳಿದವಳು. ಈಗ ಅವಳ ಕಂಬಳಿಯ ಅಂಚು ತಾನಾಗಿ ಅಲ್ಲಾಡಿತು, ಕೈ ಒದ್ದೆಯಾಯಿತು. ಅವಳು ಗಾಳಿಯಲ್ಲಿ ಕೈಯಾಡಿಸಿ, ಒಂದು ಕಡೆ ನಿಲ್ಲಿಸಿದಳು. “ಹಂಡ,” ಎಂದಳು. ಕೈ ಸರಿಸಿದಳು. “ಇದು ಕೆಂದಿ. ಕುಂಟೋದಿಲ್ಲ ನೋಡು, ಸುಳ್ಳ ಆ ಸಿಗಿಡಿ.” ಹೇಳುತ್ತ ಅಳತೊಡಗಿದಳು. ನನಗೂ ಅಳು ಬಂತು. ಇಬ್ಬರೂ ಖಾಲಿ ಗಾಳಿಯ ನಡುವೆ ನಿಂತು ಅತ್ತೆವು.

ಅಳಲು ಹೆಚ್ಚು ಹೊತ್ತಿರಲಿಲ್ಲ. ದನ ಸಿಗಿಡಿಯ ಹಟ್ಟಿಗೆ ಹೋಗಬೇಕು, ಹೋಗಿ ಅಲ್ಲೇ ನೆಲೆನಿಲ್ಲಬೇಕು. ಅದಕ್ಕೆ ಆ ಮನೆಯವರ ಬಾಯಲ್ಲಿ ಈ ಸಿಳ್ಳೆ ಬರಬೇಕು. ಅಷ್ಟು ಹೊತ್ತಿಗೆ ಸಿಗಿಡಿ ಮಗಳನ್ನು ಕರೆದುಕೊಂಡು ಓಡಿಬಂದಿದ್ದ. ಅತ್ತಿಗೆ ಹೇಳಿಕೊಟ್ಟಳು. ಸಿಗಿಡಿಗೆ ಮುಂದಿನ ಹಲ್ಲುಗಳಿರಲಿಲ್ಲ, ಎಷ್ಟು ಊದಿದರೂ ಫುಸ್ ಎನ್ನುವುದು ಬಿಟ್ಟು ಬೇರೇನೂ ಬರಲಿಲ್ಲ. ಹಂಡ ಬೇಸರದಿಂದ ಬುಸುಗುಟ್ಟಿತು. “ಸರಿಯಪ್ಪಾ, ನಾನು ಊದ್ತೀನಿ,” ಎಂದಳು ಝೋದ್ವಾ. ಮಗಳಾದವಳಿಗೆ ತವರಿನ ಹಟ್ಟಿಗೆ ಹೋಗಲು ಅಡ್ಡಿಯಿಲ್ಲ. ಅತ್ತಿಗೆ ಅವಳ ಗಲ್ಲ ಹಿಡಿದು ತುಟಿ ಸರಿಮಾಡಿಸಿದಳು. ಒಂದೆರಡು ಸಲಕ್ಕೇ ಹುಡುಗಿಗೆ ಬಂದುಬಿಟ್ಟಿತು. ಹೊತ್ತು ಗುಡ್ಡದ ತುದಿ ಮುಟ್ಟುವಾಗ ಅವಳು ಸಿಳ್ಳೆ ಹಾಕುತ್ತ ಮುಂದೆ, ಧೂಳು ಹಿಂದೆ, ಅದರ ಹಿಂದೆ ನಾವೆಲ್ಲ, ಹಳ್ಳ ದಾಟಿ ಹೋದೆವು. ಸಿಗಿಡಿಯ ಹಟ್ಟಿ ತುಂಬಿ, ಬೇಲಿ ಒಂದು ಕಡೆ ಬಿತ್ತು. ಗಣಿಯ ಗಾಡಿ ವೆಲೀಲೆಯನ್ನು ಬಿಟ್ಟು ಹೊರಟುಹೋಯಿತು.

ಸಾಹೇಬ ಅಂದೇ ಸಿಳ್ಳೆಯ ಹುಕುಮನ್ನು ಮತ್ತೆ ಜಾರಿಗೆ ತಂದ. ಅವನ ಹೊಸ ಮೇಜಿನ ಕೆಳಗೆ ಈಗ ನೆಲ ಸ್ವಚ್ಛವಾಗಿದೆ, ಊರಿಗೆ ನಾಗರಿಕತೆ ಬಂತೆಂದು ಸರ್ಕಾರಕ್ಕೆ ಬರೆದನಂತೆ. ದನಗಳು ಕೆಲವು ದಿನದಲ್ಲೇ ಸಿಗಿಡಿಯ ದಾರಿಗೆ ಒಗ್ಗಿಕೊಂಡವು; ಯಾರೂ ಕರೆಯದೆ ತಾವಾಗಿ ಅಲ್ಲಿಗೆ ಹೋಗುತ್ತವೆ. ಝೋದ್ವಾ ಸೊಸೆಯಾಗಿ ಬಂದಳು. ಅತ್ತೆಯ ಕಾಲುದಾರಿಯಲ್ಲೇ ಈಗ ಅವಳೂ ಸುತ್ತುತ್ತಾಳೆ, ಬೆನ್ನಿನ ಮೇಲೆ ಮಗು.

ಮದುವೆಯಾದ ಮೇಲೆ ಅತ್ತಿಗೆ ಉದ್ದ ಕೊಳವೆಯ ಚಿಲುಮೆ ಸೇದುವುದನ್ನು ಕಲಿತಳು. ನಮ್ಮಲ್ಲಿ ವಯಸ್ಸಾದ ಹೆಂಗಸರು ಸೇದುವುದು ಹೊಸದೇನಲ್ಲ. ಆದರೆ ಅವಳು ಹಗಲು ಮುಟ್ಟುವುದಿಲ್ಲ, ಊಟವಾದ ಮೇಲೂ ಮುಟ್ಟುವುದಿಲ್ಲ. ಹೊತ್ತು ಮುಳುಗುವಾಗ ಮಾತ್ರ. ಹಚ್ಚಿಕೊಡಲು ನನ್ನನ್ನು ಕರೆಯುತ್ತಾಳೆ. ನಾನು ಒಮ್ಮೆ ಕೇಳಿದೆ.

“ಇದೇ ಹೊತ್ಗೆ ಯಾಕತ್ತಿಗೆ?”

“ಬಾಯಿ ಖಾಲಿ ಬಿಟ್ರೆ ಸಿಳ್ಳೆ ಬಂದ್ಬಿಡುತ್ತೆ ಕಣೋ. ಛಡಿಯೇಟಿಗೆ ನಾನು ಹೆದರೋಳಲ್ಲ. ಸಿಳ್ಳೆ ಬಂದ್ರೆ ಅವು ಬಂದ್ಬಿಡ್ತಾವೆ. ಅವು ಬಂದ್ರೆ ಸಿಗಿಡಿ ಮಗಳನ್ನ ವಾಪಸು ಕರ್ಕೊಂಡು ಹೋಗ್ತಾನೆ, ನನ್ನ ಮಗ ಗಾಡಿ ಹತ್ತುತಾನೆ.”

“ಝೋದ್ವಾಳಿಗೂ ಸಿಳ್ಳೆ ಬರುತ್ತಲ್ಲ. ಅವಳಿಗೆ ಚಿಲುಮೆ ಬೇಡ್ವಾ?”

“ಅವಳ ಬಾಯಿಗೆ ಕೆಲಸ ಕೊಡೋಕೆ ವೆಲೀಲೆ ಇದ್ದಾನೆ. ನನಗೆ ಯಾರಿದ್ದಾರೆ, ಹೇಳು?”

ನಕ್ಕಳು, ನಾನೂ ನಕ್ಕೆ. ಒಳಗೆ ವೆಲೀಲೆ ಮಗುವನ್ನು ಮೇಲಕ್ಕೆ ಹಾರಿಸಿ ಹಿಡಿಯುತ್ತಿದ್ದ, ಅದು ಕಿಲಕಿಲ ಎನ್ನುತ್ತಿತ್ತು. ಅಂದು ಗಾಳಿ ಜೋರಾಗಿತ್ತು, ಎಷ್ಟು ಊದಿದರೂ ಕೆಂಡ ಚಿಲುಮೆಗೆ ಹಿಡಿಯಲಿಲ್ಲ. ಎದುರಿನ ಗುಡ್ಡದ ಮೇಲೆ ಧೂಳು ಕಾಣಿಸಿಕೊಂಡಿತು. ಅತ್ತಿಗೆ ಉರಿಯದ ಚಿಲುಮೆಯನ್ನು ಹಲ್ಲಿನಿಂದ ಬಿಗಿಯಾಗಿ ಕಚ್ಚಿ ಹಿಡಿದು, ನನ್ನ ಮೊಣಕೈ ಅದುಮಿದಳು.

“ಬೇಗ ಹಚ್ಚೋ ಮೈದುನಾ,” ಎಂದಳು. “ಹಂಡ ಗುಡ್ಡ ಇಳೀತಿದ್ದಾನೆ.”